ಮೂರು ನಿಮಿಷದ ಪ್ಲೇಟು, ಅರ್ಧ ಗಂಟೆಯ ಕ್ಯಾಸೆಟ್, ಒಂದು ರಾತ್ರಿಯ ಪದ

ನಿಮಗೆ ಬಹಳ ಇಷ್ಟವಾದ ಐದು ಕ್ಯಾಸೆಟ್ ಯಾವುವು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ನಮ್ಮ ಬಳಗದಲ್ಲಿ ಈ ಪ್ರಶ್ನೆ ಎದ್ದಾಗ ಸಣ್ಣ ಜಗಳವೇ ಆಯಿತು. ಒಬ್ಬರಿಗೆ ರಾಜ್‌ಕುಮಾರ್ ಭಕ್ತಿಗೀತೆ ಬಿಟ್ಟರೆ ಬೇರೆ ಲೋಕವೇ ಇಲ್ಲ. ಇನ್ನೊಬ್ಬರಿಗೆ ಹಂಸಲೇಖ ಆದ ಮೇಲೆ ಎಲ್ಲ ಸಪ್ಪೆ. ಕೊನೆಗೆ ಎರಡು ಕಟ್ಟು ಹಾಕಿಕೊಂಡೆವು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ, ಕುದಾಪುರದ ಸುತ್ತಿನ ಊರುಗಳಲ್ಲಿ ನಾವು ಕೇಳಿ ಬೆಳೆದದ್ದೇ ಆಗಿರಬೇಕು. ಇಷ್ಟ ಅಂದರೆ ಸಾಲದು, ಯಾಕೆ ಮುಖ್ಯ ಅಂತಲೂ ಹೇಳಬೇಕು.

ನಾಲ್ಕು ಹೆಸರಿಗೆ ಎಲ್ಲರ ಒಪ್ಪಿಗೆ ಸಿಕ್ಕಿತು. ಐದನೆಯ ಜಾಗದಲ್ಲಿ ಬಂದು ಕೂತದ್ದು ಮಾತ್ರ ನಾವು ಯಾವ ಅಂಗಡಿಯಲ್ಲೂ ಕೊಳ್ಳದ ಹಾಡು. ನಮ್ಮ ಸೀಮೆಯ ಅತಿ ದೊಡ್ಡ ಹಾಡು ನಮ್ಮ ಮನೆಯ ಕ್ಯಾಸೆಟ್ ಪೆಟ್ಟಿಗೆಗೆ ಯಾಕೆ ಬರಲಿಲ್ಲ? ಅದನ್ನು ತಿಳಿಯಬೇಕಾದರೆ ಹಾಡು ಪೆಟ್ಟಿಗೆಯೊಳಗೆ ಹೇಗೆ ಬಂತು ಅನ್ನುವುದರಿಂದಲೇ ಶುರು ಮಾಡಬೇಕು.

ಹಾಡನ್ನು ಅಳೆದ ಪ್ಲೇಟು

ಇಂಡಿಯಾದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತದಲ್ಲಿ. ಆ ಮೊದಲ ಸಾಲಿನಲ್ಲೇ ಹಾಡಿದವರು ಗೌಹರ್ ಜಾನ್. ಆಗಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಹಾಡುವ ರಾಗವನ್ನು ಆಕೆ ಮೂರು ನಿಮಿಷಕ್ಕೆ ಇಳಿಸಿ ಹಾಡುವುದನ್ನು ಕಲಿತರು. ಹಾಡು ಮುಗಿದ ಕೂಡಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿದು, ಪ್ಲೇಟಿನ ಮೇಲೆ ಸರಿಯಾದ ಹೆಸರು ಬೀಳಲಿ ಅಂತ ಹಾಗೆ ಮಾಡುತ್ತಿದ್ದರು.

ಈ ಗೌಹರ್ ಜಾನ್ ಕೊನೆಗಾಲಕ್ಕೆ ಬಂದದ್ದು ನಮ್ಮ ಮೈಸೂರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಅರಮನೆಯ ಸಂಗೀತಗಾರ್ತಿಯನ್ನಾಗಿ ಇರಿಸಿಕೊಂಡಿದ್ದರು. 1930ರ ಜನವರಿಯಲ್ಲಿ ಆಕೆ ತೀರಿಕೊಂಡದ್ದೂ ಮೈಸೂರಿನಲ್ಲೇ.

ಆಕೆಯ ಕಥೆಯಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಹಾಡು ಎಷ್ಟು ಉದ್ದ ಇರಬೇಕು ಅನ್ನುವುದನ್ನು ಹಾಡುವವರ ಬದಲು ಯಂತ್ರ ಹೇಳತೊಡಗಿತು. ಎರಡು, ಹೆಸರು ಹೇಳಿದವರ ಹೆಸರು ಉಳಿಯಿತು. ಮುಂದಿನ ಕಥೆಗೆಲ್ಲ ಇವೆರಡೇ ಬೀಗದ ಕೈ.

ಒಂದು: ನಾಗರಹಾವು, 1972

ಹಳ್ಳಿಗಳಲ್ಲಿ ಸ್ವಂತ ಗ್ರಾಮಫೋನ್ ಇದ್ದ ಮನೆ ಕಡಿಮೆ. ಪ್ಲೇಟು ನಮ್ಮ ಹಿರಿಯರ ಕಿವಿಗೆ ಬಿದ್ದದ್ದು ಮದುವೆ ಚಪ್ಪರದ ಮೈಕ್‌ಸೆಟ್ಟಿನಿಂದ, ಟೂರಿಂಗ್ ಟಾಕೀಸಿನ ಹಾರ್ನಿನಿಂದ. ಹಾಗೆ ಬಂದ ಹಾಡುಗಳಲ್ಲಿ ನಮ್ಮ ಜಿಲ್ಲೆಯದೇ ಅನ್ನಿಸಿಕೊಂಡವು ನಾಗರಹಾವು ಚಿತ್ರದವು.

ಆ ಕಾದಂಬರಿ ಬರೆದ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರವೇ ನಮ್ಮ ತಾಲ್ಲೂಕಿನ ತಳುಕು. ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ. ಕ್ಯಾಮೆರಾ ಓಡಾಡಿದ್ದು ದುರ್ಗದ ಕೋಟೆಯಲ್ಲಿ. ಅದರಲ್ಲಿ ಒನಕೆ ಓಬವ್ವನ ಕಥೆ ಹೇಳುವ ಹಾಡೊಂದಿದೆ. ಚಿ. ಉದಯಶಂಕರ್ ಬರೆದದ್ದು, ಪಿ.ಬಿ. ಶ್ರೀನಿವಾಸ್ ಹಾಡಿದ್ದು, ತೆರೆಯ ಮೇಲೆ ಓಬವ್ವ ಆದವರು ಜಯಂತಿ.

ಈ ಹಾಡು ಯಾಕೆ ಮುಖ್ಯ? ಓಬವ್ವ ದುರ್ಗದ ಜನರ ಬಾಯಲ್ಲಿ ಮೊದಲಿನಿಂದ ಇದ್ದವಳು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿ ಬರುವಾಗ ಒನಕೆ ಹಿಡಿದು ನಿಂತ ಕಾವಲುಗಾರನ ಹೆಂಡತಿ. ಅರಸರ ಹೆಸರು ಶಾಸನದಲ್ಲಿ ಉಳಿಯುತ್ತದೆ, ದುಡಿಯುವ ಮನೆಯ ಹೆಂಗಸಿನ ಹೆಸರು ಉಳಿಯಬೇಕಾದರೆ ಯಾರಾದರೂ ಹೇಳುತ್ತಲೇ ಇರಬೇಕು. 1972ರ ನಂತರ ಆ ಹೇಳುವ ಕೆಲಸವನ್ನು ಒಂದು ಹಾಡು ವಹಿಸಿಕೊಂಡಿತು. ಬೀದರಿನ ಮಗುವಿಗೂ ಚಾಮರಾಜನಗರದ ಮಗುವಿಗೂ ಓಬವ್ವ ಗೊತ್ತಾದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಇವತ್ತಿಗೂ ಹುಡುಗಿಯರು ಒನಕೆ ಹಿಡಿದು ಕುಣಿಯುವುದು ಆ ಹಾಡಿಗೇ. ಪ್ಲೇಟಿಗೆ ಎಷ್ಟು ಬಲ ಇದೆ ಅಂತ ನಾವು ತಿಳಿದದ್ದು ಇದರಿಂದ. ಪ್ಲೇಟಿಗೆ ಹತ್ತಿದ ಕಥೆ ಜಿಲ್ಲೆ ದಾಟುತ್ತದೆ.

ಎರಡು: ನಿತ್ಯೋತ್ಸವ, 1978

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಲೋಕಕ್ಕೆ ತೋರಿಸಿದ್ದು 1963ರಲ್ಲಿ. ನಮ್ಮ ಹಳ್ಳಿಗಳ ಮನೆಗಳಿಗೆ ಅದು ಬರುವ ಹೊತ್ತಿಗೆ ಎಂಬತ್ತರ ದಶಕ. ಅರವತ್ತು ನಿಮಿಷದ ಕ್ಯಾಸೆಟ್ ಅಂದರೆ ಒಂದು ಮಗ್ಗುಲಿಗೆ ಅರ್ಧ ಗಂಟೆ. ಬೆಲೆ ಕಡಿಮೆ, ಒಡೆಯುವುದಿಲ್ಲ, ಜೇಬಿನಲ್ಲಿ ಹಿಡಿಯುತ್ತದೆ. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿದರೆ ಆಯಿತು.

ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತ ಹೆಸರಾದದ್ದು ನಿತ್ಯೋತ್ಸವ. ಕವಿ ಕೆ.ಎಸ್. ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು. ಬೆಂಗಳೂರು, ಶಿವಮೊಗ್ಗದ ಜೊತೆಗೆ ನಮ್ಮ ಚಿತ್ರದುರ್ಗದ ಸರ್ಕಾರಿ ಕಾಲೇಜಿನಲ್ಲೂ ಪಾಠ ಮಾಡಿದವರು.

ಈ ಕ್ಯಾಸೆಟ್ ಬರುವ ತನಕ ಕವಿತೆ ಅಂದರೆ ಓದಿದವರ ಸ್ವತ್ತು. ಪುಸ್ತಕ ಕೊಳ್ಳಬೇಕು, ಅಕ್ಷರ ಬರಬೇಕು. ಕ್ಯಾಸೆಟ್ ಬಂದ ಮೇಲೆ ಅಕ್ಷರ ಬಾರದ ಅಜ್ಜಿಯೂ ಶೇಂಗಾ ಬಿಡಿಸುತ್ತಾ ಕವಿತೆ ಕೇಳಿದಳು. ಇದು ಸಣ್ಣ ಬದಲಾವಣೆಯಲ್ಲ. ಕನ್ನಡ ಕಾವ್ಯ ಹಳ್ಳಿ ಮನೆಯ ಪಡಸಾಲೆಗೆ ನಡೆದು ಬಂದ ದಾರಿ ಅದು.

ಇಷ್ಟಪಡುತ್ತಲೇ ಒಂದು ಮಾತು ಹೇಳಬೇಕು. ಆ ಶೀರ್ಷಿಕೆ ಗೀತೆಯಲ್ಲಿ ಜೋಗ ಇದೆ, ತುಂಗೆ ಇದೆ, ಸಹ್ಯಾದ್ರಿ ಇದೆ, ತೇಗ ಗಂಧದ ಕಾಡು ಇದೆ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ನಮ್ಮ ವೇದಾವತಿಯಲ್ಲಿ ವರ್ಷದ ಬಹುಪಾಲು ಮರಳೇ. ನಮ್ಮಲ್ಲಿ ಇರುವುದು ಜಾಲಿ, ಬಾರೆ, ಹುಲ್ಲಿನ ಕಾವಲು. ಕನ್ನಡ ನಾಡು ಅಂತ ಕಣ್ಣು ಮುಚ್ಚಿದರೆ ನಮ್ಮ ಮಕ್ಕಳಿಗೂ ಮಲೆನಾಡೇ ಕಾಣಿಸುತ್ತದೆ. ಅದು ಕವಿಯ ತಪ್ಪಲ್ಲ, ಅವರು ಕಂಡದ್ದನ್ನು ಅವರು ಹಾಡಿದರು. ಬಯಲುಸೀಮೆಯನ್ನು ಅಷ್ಟೇ ಪ್ರೀತಿಯಿಂದ ಹಾಡಿದವರು ಇರಲಿಲ್ಲವೆ? ಇದ್ದರು. ಆ ಮಾತು ಐದನೆಯದರಲ್ಲಿ ಬರುತ್ತದೆ.

ಮೂರು: ಶರೀಫರ ಪದಗಳು

ಶಿಶುನಾಳ ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಗುರು ಕಳಸದ ಗೋವಿಂದ ಭಟ್ಟರು. ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಶುರುವಾಗುವ ಮೊದಲೇ ಶರೀಫರು ತೀರಿಕೊಂಡಿದ್ದರು. ಅವರ ಪದ ನೂರು ವರ್ಷ ಬದುಕಿದ್ದು ಭಜನೆ ಮೇಳದವರ ನಾಲಗೆಯ ಮೇಲೆ.

ಆ ಪದಗಳನ್ನು ಆರಿಸಿ, ಹೊಸ ಕೇಳುಗರಿಗೆ ತಲುಪಿಸುವುದರಲ್ಲಿ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಪಾಲು ದೊಡ್ಡದು. ಅದಕ್ಕೇ ಅವರನ್ನು ‘ಶರೀಫ ಭಟ್ಟರು’ ಅಂತ ಕರೆದವರೂ ಉಂಟು. ಸಂಗೀತ ಕೂಡಿಸಿದವರು ಸಿ. ಅಶ್ವತ್ಥ್. ಅವರ ಜೊತೆಗೆ ಶಿವಮೊಗ್ಗ ಸುಬ್ಬಣ್ಣನವರ ದನಿ. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಸುಬ್ಬಣ್ಣ ಅವರೇ. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಆಮೇಲಂತೂ ಟೀ ಅಂಗಡಿಯ ಟೇಪಿನಲ್ಲೂ ಶರೀಫರೇ.

ಅಶ್ವತ್ಥರ ದನಿಯಲ್ಲಿ ನಯ ನಾಜೂಕು ಕಡಿಮೆ. ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗಿ ಕರೆದ ಹಾಗೆ ಇರುತ್ತದೆ. ನಮ್ಮ ಜನಕ್ಕೆ ಅದು ಹತ್ತಿರ ಅನ್ನಿಸಿದ್ದು ಅದಕ್ಕೇ. ಮಳೆ, ಮನೆ, ತೇರು, ಬಿಂದಿಗೆ ಅಂತ ಕಣ್ಣಿಗೆ ಕಾಣುವ ವಸ್ತು ಹಿಡಿದು ಕಾಣದ್ದನ್ನು ಹೇಳುವ ಶರೀಫರ ರೀತಿಗೆ ಆ ದನಿ ಒಪ್ಪಿತು. ಜಾತಿ ಧರ್ಮದ ಮಾತು ಬಿಸಿಯಾದಾಗಲೆಲ್ಲ ನಮ್ಮ ಕಟ್ಟೆಗಳಲ್ಲಿ ಹಿರಿಯರು ಮೊದಲು ಎತ್ತುವ ಹೆಸರು ಇವತ್ತಿಗೂ ಶರೀಫರು ಮತ್ತು ಗೋವಿಂದ ಭಟ್ಟರದು. ಆ ಹೆಸರುಗಳನ್ನು ಪ್ರತಿ ಮನೆಗೆ ಮುಟ್ಟಿಸಿದ್ದರಲ್ಲಿ ಕ್ಯಾಸೆಟ್ಟಿನ ಋಣ ದೊಡ್ಡದು.

ಆದರೆ ಕೊಟ್ಟ ಕೈ ಸ್ವಲ್ಪ ತೆಗೆದುಕೊಂಡೂ ಇದೆ. ಮೊದಲು ಒಂದೊಂದು ಊರಿನ ಭಜನೆ ಮೇಳಕ್ಕೂ ತನ್ನದೇ ಮಟ್ಟು. ಈಗ ನಮ್ಮ ಸುತ್ತಿನ ಭಜನೆಗಳಲ್ಲಿ ಕೇಳುವುದು ಹೆಚ್ಚಾಗಿ ಕ್ಯಾಸೆಟ್ಟಿನ ಮಟ್ಟೇ. ಪದ ಉಳಿಯಿತು, ಊರಿನ ಮಟ್ಟು ಸವೆಯಿತು.

ನಾಲ್ಕು: ಪ್ರೇಮಲೋಕ, 1987

ಇತಿಹಾಸದ ಬರಹದಲ್ಲಿ ಪ್ರೇಮಲೋಕವೇ ಅಂತ ನಗಬೇಡಿ. ರವಿಚಂದ್ರನ್ ಚಿತ್ರ, ಹಂಸಲೇಖ ಸಾಹಿತ್ಯ ಸಂಗೀತ, ಹತ್ತಕ್ಕೂ ಹೆಚ್ಚು ಹಾಡು. ಮಾತನ್ನೇ ಹಾಡು ಮಾಡಿ, ಹಾಡಿನಲ್ಲೇ ಕಥೆ ನಡೆಸಿದ ಕ್ಯಾಸೆಟ್. ಹುಡುಗ ಹುಡುಗಿ ಕಾಲೇಜಿನ ಮೆಟ್ಟಿಲಲ್ಲಿ ಆಡುವ ಮಾತೂ ಹಾಡಾಗಬಹುದು ಅಂತ ಅದು ತೋರಿಸಿತು. ಅಲ್ಲಿಯವರೆಗೆ ಸಿನಿಮಾ ಹಾಡು ಅಂದರೆ ಪುಸ್ತಕದ ಕನ್ನಡ ಹೆಚ್ಚು.

ಗಡಿಯ ಈ ಸೀಮೆಗೆ ಇದು ಇನ್ನೊಂದು ಕಾರಣಕ್ಕೂ ಮುಖ್ಯ. ಮೊಳಕಾಲ್ಮುರಿನ ಆಚೆಗೆ ಆಂಧ್ರದ ರಾಯದುರ್ಗ. ನಮ್ಮ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ತೆಲುಗು ಹಾಡಿನ ಭರಾಟೆ. ಅದರ ನಡುವೆ ಹರೆಯದ ಹುಡುಗರು ತಾವಾಗಿ ಕೇಳಿ ಹಾಕಿಸಿಕೊಂಡ ಕನ್ನಡ ಕ್ಯಾಸೆಟ್ ಇದು. ಭಾಷೆ ಉಳಿಸಿ ಅಂತ ಭಾಷಣ ಮಾಡುವುದಕ್ಕಿಂತ ಕುಣಿಸುವ ಹಾಡೊಂದು ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ.

ಆ ಹೊತ್ತಿಗೆ ಕ್ಯಾಸೆಟ್ ದೊಡ್ಡ ವ್ಯಾಪಾರ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ, ಗೌರಸಮುದ್ರದ ಮಾರಮ್ಮನ ಜಾತ್ರೆ ಅಂದರೆ ಬಳೆ ಅಂಗಡಿ, ಮಿಠಾಯಿ ಅಂಗಡಿಯ ಪಕ್ಕದಲ್ಲಿ ಕ್ಯಾಸೆಟ್ ಅಂಗಡಿ ಇರಲೇಬೇಕು. ಸಿನಿಮಾ, ಭಕ್ತಿ, ಭಾವಗೀತೆ, ನಾಟಕ, ಜಾನಪದ ಎಲ್ಲ ಅಲ್ಲಿ ಸಾಲಾಗಿ ಜೋಡಿಸಿರುತ್ತಿದ್ದರು. ಜಾನಪದ ಅಂತ ಬರೆದ ಕ್ಯಾಸೆಟ್ಟಿನ ಕವರ್ ತಿರುಗಿಸಿ ನೋಡಿ. ಸಂಗೀತ ಯಾರದು ಅಂತ ಇರುತ್ತದೆ, ಗಾಯಕರು ಯಾರು ಅಂತ ಇರುತ್ತದೆ. ಸಾಹಿತ್ಯ ಅನ್ನುವ ಕಡೆ ಬರೀ ‘ಜಾನಪದ’ ಅಂತ ಇರುತ್ತದೆ. ಆ ಪದವನ್ನು ಕಾಪಾಡಿ, ಹೇಳಿಕೊಟ್ಟ ಅಜ್ಜಿ ಯಾರು, ಯಾವ ಹಟ್ಟಿಯವಳು ಅನ್ನುವುದಕ್ಕೆ ಆ ಕಾಗದದಲ್ಲಿ ಜಾಗ ಇರಲಿಲ್ಲ. ಗೌಹರ್ ಜಾನ್ ಯಾಕೆ ಕೂಗಿ ಹೆಸರು ಹೇಳುತ್ತಿದ್ದರು ಅಂತ ಆ ಕವರ್ ನೋಡಿದರೆ ಅರ್ಥವಾಗುತ್ತದೆ.

ಐದು: ಸಿರಿಯಜ್ಜಿಯ ಪದ

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಮುಖ ಕಂಡವರಲ್ಲ. ಅವರ ನೆನಪಿನಲ್ಲಿದ್ದದ್ದು ಸಾವಿರಾರು ಪದ. ಸೋಬಾನೆ, ಬೀಸುವ ಪದ, ದೇವರ ಪದ, ಕಾಡುಗೊಲ್ಲರ ವೀರರ ಕಥೆ. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವರ ಬಳಿ ಕೂತು ಕೇಳಿ, ಆ ಪದಗಳನ್ನು ಪುಸ್ತಕಕ್ಕೆ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಇವತ್ತು ಸಿರಿಯಜ್ಜಿ ಇಲ್ಲ. ಪುಸ್ತಕ ಇದೆ. ಆದರೆ ಚಳ್ಳಕೆರೆಯ ಅಂಗಡಿಯಲ್ಲಿ ನಾವು ಶರೀಫರ ಕ್ಯಾಸೆಟ್ ಕೊಂಡ ಹಾಗೆ ಸಿರಿಯಜ್ಜಿಯ ಕ್ಯಾಸೆಟ್ ಒಂದನ್ನೂ ಕೊಂಡವರಲ್ಲ. ನಮ್ಮ ಮನೆಗಳ ಪೆಟ್ಟಿಗೆಯಲ್ಲಿ ಅಂಥದ್ದು ಇರಲಿಲ್ಲ.

ಯಾಕೆ? ಮೊದಲ ಕಾರಣ ಅಳತೆ. ಕಾಡುಗೊಲ್ಲರ ಜುಂಜಪ್ಪನ ಕಥೆ ಆಗಲಿ, ಎತ್ತಪ್ಪನ ಕಥೆ ಆಗಲಿ, ಮ್ಯಾಸಬೇಡರ ಗಾದ್ರಿಪಾಲನಾಯಕನ ಕಥೆ ಆಗಲಿ ಅರ್ಧ ಗಂಟೆಯದಲ್ಲ. ರಾತ್ರಿ ಊಟ ಆದ ಮೇಲೆ ಹಿಡಿದರೆ ಕೋಳಿ ಕೂಗುವ ತನಕ ಹೇಳುವಂಥದ್ದು. ಗಣೆ ಊದುವವರಿದ್ದಾರೆ, ಉರುಮೆ ಬಡಿಯುವವರಿದ್ದಾರೆ, ಸೊಲ್ಲು ಹಿಡಿಯುವವರಿದ್ದಾರೆ, ನಡುನಡುವೆ ಹೂಂಗುಟ್ಟುವವರಿದ್ದಾರೆ. ಅದನ್ನು ಕ್ಯಾಸೆಟ್ಟಿಗೆ ಇಳಿಸುವುದು ಸೇರಿನಲ್ಲಿ ಕೆರೆ ಅಳೆದ ಹಾಗೆ. ಗೌಹರ್ ಜಾನ್ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬಲ್ಲವರಾಗಿದ್ದರು. ಕಥೆಯನ್ನು ಹಾಗೆ ಇಳಿಸಿದರೆ ಉಳಿಯುವುದು ಹೆಸರು ಮಾತ್ರ.

ಎರಡನೆಯ ಕಾರಣ ಜಾಗ. ಈ ಪದಗಳು ವೇದಿಕೆಗೆ ಅಂತ ಹುಟ್ಟಿದವಲ್ಲ. ಹುಟ್ಟಿದ್ದು ಕಾವಲಿನಲ್ಲಿ, ಮುಳ್ಳುಬೇಲಿಯ ಹಟ್ಟಿಯಲ್ಲಿ, ದನ ಕುರಿಯ ನಡುವೆ. ಮೈಸೂರು ಒಡೆಯರು ಕಟ್ಟಿದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಅಂತ ಹೆಸರು ಬಂತು. ಆ ದನಗಳಿಗೆ ಅಂತ ಬಿಟ್ಟ ಹುಲ್ಲುಗಾವಲುಗಳೇ ನಮ್ಮ ಕಾವಲುಗಳು. ಕುದಾಪುರದ ಸುತ್ತ ಹರಡಿರುವುದೂ ಅಂಥದ್ದೇ ಬಯಲು. ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಗೊಲ್ಲರ ಕುರಿಮಂದೆ, ಎಲ್ಲಕ್ಕೂ ಆ ಹುಲ್ಲೇ ಆಸರೆ. ಕಥೆಗಳ ನಾಯಕರೂ ದನ ಕಾದವರೇ. ನಿತ್ಯೋತ್ಸವದಲ್ಲಿ ಸಹ್ಯಾದ್ರಿ ಇರುವ ಹಾಗೆ ನಮ್ಮ ಬಯಲು ಇರುವುದು ಈ ಪದಗಳಲ್ಲಿ.

ಈಗ ಆ ಬಯಲಿಗೆ ಗೋಡೆ ಬಿದ್ದಿದೆ. 2007ರ ನಂತರದ ವರ್ಷಗಳಲ್ಲಿ ಚಳ್ಳಕೆರೆಯ ಸುಮಾರು 10,000 ಎಕರೆ ಕಾವಲು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕಿದ್ದು 1,500 ಎಕರೆ. ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆ ಆದದ್ದು 2017ರ ಮೇ ತಿಂಗಳಲ್ಲಿ. ದನ ಮೇಯಿಸುವವರು ಪ್ರತಿಭಟಿಸಿದರು, ಹಸಿರು ನ್ಯಾಯಮಂಡಳಿಯವರೆಗೆ ವ್ಯಾಜ್ಯ ಹೋಯಿತು. ಕುದಾಪುರದ ಆ ಆವರಣದಲ್ಲೇ ಹಳ್ಳಿ ಶಾಲೆಗಳ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ, ಅದರಿಂದ ನಮ್ಮ ಮಕ್ಕಳಿಗೆ ಉಪಕಾರವೂ ಆಗಿದೆ. ಆ ಲೆಕ್ಕಾಚಾರವನ್ನು ಇನ್ನೊಂದು ದಿನ ಮಾಡೋಣ. ಇಲ್ಲಿ ಹೇಳಬೇಕಾದದ್ದು ಇಷ್ಟು: ಹುಲ್ಲು ಹೋದರೆ ಮಂದೆ ಕರಗುತ್ತದೆ, ಮಂದೆ ಕರಗಿದರೆ ಕಾಯುವವರು ಗಾರೆ ಕೆಲಸಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ ಹೋಗುತ್ತಾರೆ. ಮಂದೆಯ ಹಿಂದೆ ನಡೆದು ಕಲಿಯಬೇಕಾದ ಪದ ಕಲಿಯುವವರಿಲ್ಲದೆ ನಿಲ್ಲುತ್ತದೆ.

ಕ್ಯಾಸೆಟ್ ಬಾರದೆ ಇದ್ದದ್ದು ಪೂರ್ತಿ ನಷ್ಟವೇ ಅಂದರೆ ಹಾಗೂ ಇಲ್ಲ. ಶರೀಫರ ಪದಕ್ಕೆ ಆದದ್ದು ಇವಕ್ಕೆ ಆಗಲಿಲ್ಲ. ಒಂದೊಂದು ಹಟ್ಟಿಯ ಮಟ್ಟು ಇನ್ನೂ ಬೇರೆ ಬೇರೆಯೇ ಇದೆ. ಈ ಹಟ್ಟಿಯ ಜುಂಜಪ್ಪ ಆ ಹಟ್ಟಿಯ ಜುಂಜಪ್ಪನಂತೆ ಇಲ್ಲ. ಒಬ್ಬರ ದನಿ ಎಲ್ಲರ ದನಿಯನ್ನು ನುಂಗಿಲ್ಲ. ಹೇಳುವವರು ಇರುವ ತನಕ ಈ ವೈವಿಧ್ಯ ನಮ್ಮ ಆಸ್ತಿ.

ಜೇಬಿನಲ್ಲಿರುವ ಯಂತ್ರ

ಪ್ಲೇಟಿಗೆ ಮೂರು ನಿಮಿಷದ ಕಟ್ಟು, ಕ್ಯಾಸೆಟ್ಟಿಗೆ ಅರ್ಧ ಗಂಟೆಯ ಕಟ್ಟು. ನೀವು ಇದನ್ನು ಓದುತ್ತಿರುವ ಮೊಬೈಲಿಗೆ ಆ ಕಟ್ಟು ಇಲ್ಲ. ಬರೀ ದನಿ ಹಿಡಿಯುವುದಾದರೆ ಒಂದು ರಾತ್ರಿಯ ಪದ ಪೂರ್ತಿ ಅದರಲ್ಲಿ ಕೂರುತ್ತದೆ. 1902ರಿಂದ ಇಲ್ಲಿಯವರೆಗೆ ನಮ್ಮ ಹಟ್ಟಿಯ ಹಾಡಿಗೆ ಸರಿಯಾದ ಪಾತ್ರೆ ಸಿಕ್ಕಿದ್ದು ಇದೇ ಮೊದಲು. ಆದರೆ ನಾವು ಮಾಡುತ್ತಿರುವುದೇನು? ಜಾತ್ರೆಗೆ ಹೋಗಿ, ಉರುಮೆ ಬಡಿಯುವವರ ಮುಂದೆ ಮೊಬೈಲ್ ಹಿಡಿದು, ಮೂವತ್ತು ಸೆಕೆಂಡ್ ರೀಲ್ಸ್ ಮಾಡಿ ಮನೆಗೆ ಬರುತ್ತಿದ್ದೇವೆ. ಯಂತ್ರದ ಕಟ್ಟು ಬಿಚ್ಚಿದ ಕಾಲದಲ್ಲಿ ನಾವೇ ಅದಕ್ಕಿಂತ ಸಣ್ಣ ಕಟ್ಟು ಹಾಕಿಕೊಂಡಿದ್ದೇವೆ.

ನಿಮ್ಮ ಮನೆಯಲ್ಲಿ, ಪಕ್ಕದ ಹಟ್ಟಿಯಲ್ಲಿ ಪದ ಹೇಳುವ ಅಜ್ಜಿ, ಗಣೆ ಊದುವ ಅಜ್ಜ ಇದ್ದರೆ ನಾವು ಕೇಳಿಕೊಳ್ಳುವುದು ಇಷ್ಟೇ. ಮೊದಲು ಅವರ ಒಪ್ಪಿಗೆ ಪಡೆಯಿರಿ. ಕೆಲವು ದೇವರ ಪದಗಳಿಗೆ ಹೊತ್ತು ಇದೆ, ಜಾಗ ಇದೆ, ಬೇಡ ಅಂದರೆ ಬಿಟ್ಟುಬಿಡಿ. ಟಿವಿ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ದನಿ ಹಿಡಿಯುವ ಆ್ಯಪ್ ತೆರೆದು ಅವರ ಹತ್ತಿರ ಇಡಿ. ನಡುವೆ ಕೆಮ್ಮಿದರೆ, ಮರೆತು ನಿಂತು ಮತ್ತೆ ಹಿಡಿದರೆ ನಿಲ್ಲಿಸಬೇಡಿ, ಅದೂ ಇರಲಿ. ಅರ್ಥವಾಗದ ಮಾತಿನ ಅರ್ಥವನ್ನು ಆಮೇಲೆ ಅವರ ಬಾಯಲ್ಲೇ ಹೇಳಿಸಿ. ಒಂದು ಪ್ರತಿಯನ್ನು ಅವರ ಮನೆಯವರ ಮೊಬೈಲಿಗೆ ತಪ್ಪದೆ ಕಳಿಸಿ, ಆ ಪದ ಮೊದಲು ಅವರದು.

ಪದ ಮುಗಿದ ಮೇಲೆ ತಕ್ಷಣ ರೆಕಾರ್ಡಿಂಗ್ ನಿಲ್ಲಿಸಬೇಡಿ. ಅವರ ಹೆಸರು, ಹಟ್ಟಿಯ ಹೆಸರು, ಈ ಪದ ಯಾರಿಂದ ಕಲಿತದ್ದು ಅನ್ನುವುದನ್ನು ಅವರ ದನಿಯಲ್ಲೇ ಹೇಳಿಸಿ. ಅದಕ್ಕೆ ಬೇಕಾದದ್ದು ಇನ್ನೊಂದು ಅರ್ಧ ನಿಮಿಷ.